ಮದುವೆ ಮುಯ್ಯಿಗೆ ಎರಡು ಹೆಲ್ಮೆಟ್ ಕೊಟ್ಟೆ, ಅಕ್ಕ ಮಾತು ಬಿಟ್ಟಿದ್ದಾಳೆ

ಕೊಪ್ಪಳದ ಮಾಮ
ಸೋಮವಾರ, ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಕೇಳುವವರಿಗೆ ವಿಷಯ ಸಣ್ಣದು ಅನ್ನಿಸಬಹುದು. ನನಗೆ ಮಾತ್ರ ಹತ್ತು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ನಮ್ಮ ಅಕ್ಕನನ್ನು ಕೊಟ್ಟಿರುವುದು ಸಿಂಧನೂರಿಗೆ. ಅವಳಿಗೆ ಒಬ್ಬನೇ ಮಗ. ಅವನ ಮದುವೆ ಈಚೆಗೆ ಅಲ್ಲೇ ಆಯಿತು. ನಾನು ಸೋದರಮಾವ. ಸೋದರಮಾವ ಅಂದ ಮೇಲೆ ಏನೇನು ಮಾಡಬೇಕು ಅಂತ ನಿಮಗೆ ಗೊತ್ತೇ ಇದೆ. ಅರ್ಧ ತೊಲೆ ಉಂಗುರ, ಅಳಿಯನಿಗೆ ಬಟ್ಟೆ, ಅಕ್ಕ ಭಾವನಿಗೆ ಬಟ್ಟೆ, ಎಲ್ಲ ಮಾಡಿದೆ. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಅದರ ಮೇಲೆ ನನ್ನ ಖುಷಿಗೆ ಇನ್ನೊಂದು ಕೊಡಬೇಕು ಅನ್ನಿಸಿತು.

ಅಳಿಯ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ದಿನಾ ಬೈಕಿನ ಮೇಲೆ ಹೋಗಿ ಬರುವುದು. ಸುಗ್ಗಿಯಲ್ಲಿ ಆ ರಸ್ತೆ ನೋಡಿದವರಿಗೆ ಹೇಳಬೇಕಾಗಿಲ್ಲ. ಅರ್ಧ ರಸ್ತೆ ಭತ್ತ ಒಣಗಿಸಲಿಕ್ಕೆ, ಇನ್ನರ್ಧ ಲಾರಿಗೆ. ಭತ್ತದ ಮೇಲೆ ಹೊದಿಸಿದ ತಾಡಪತ್ರಿ ಹಾರದಿರಲಿ ಅಂತ ಸುತ್ತ ಕಲ್ಲು ಇಟ್ಟಿರುತ್ತಾರೆ, ಕತ್ತಲಾದರೆ ಒಂದೂ ಕಾಣುವುದಿಲ್ಲ. ಇವನ ಹತ್ತಿರ ಇದ್ದದ್ದು ಪೊಲೀಸರಿಗೆ ತೋರಿಸಲಿಕ್ಕೆ ಇಟ್ಟುಕೊಂಡ ಬುಟ್ಟಿಯಂಥ ಹೆಲ್ಮೆಟ್. ಅದಕ್ಕೇ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಎರಡು ಹೆಲ್ಮೆಟ್ ತಂದೆ. ಒಂದು ಅವನಿಗೆ, ಒಂದು ಅವನ ಹೆಂಡತಿಗೆ.

ಅಕ್ಕಿಕಾಳು ಬಿದ್ದ ಮೇಲೆ ಮುಯ್ಯಿ ಶುರುವಾಯಿತು. ಒಬ್ಬ ಪುಸ್ತಕದಲ್ಲಿ ಬರೆಯುತ್ತಿದ್ದ, ಇನ್ನೊಬ್ಬ ಮೈಕಿನಲ್ಲಿ ಕೂಗುತ್ತಿದ್ದ. "ಸೋದರಮಾವನೋರಿಂದ ಅರ್ಧ ತೊಲಿ ಬಂಗಾರದ ಉಂಗುರ!" ಅಂದ. ಎಲ್ಲರಿಗೂ ಖುಷಿ. ಆಮೇಲೆ ದೊಡ್ಡ ಡಬ್ಬಿ ನೋಡಿ ವಿಡಿಯೋದವನು "ಮಾಮಾ, ಬಿಚ್ಚಿ ತೋರಿಸ್ರಿ" ಅಂದ. ನಾನೇ ಬಣ್ಣದ ಕಾಗದ ಹರಿದೆ. ಮೈಕಿನವನು ಸ್ವಲ್ಪ ತಡವರಿಸಿ "ಹೆಲ್ಮೆಟ್... ಎರಡು ಹೆಲ್ಮೆಟ್!" ಅಂತ ಕೂಗಿದ. ಮಂದಿ ಘೊಳ್ಳೆಂದು ನಕ್ಕರು. ಪುಸ್ತಕ ಹಿಡಿದವನು ನನ್ನ ಮುಖ ನೋಡಿ, "ಎಷ್ಟಂತ ಬರೀಲಿ ಮಾಮಾ?" ಅಂತ ಕೇಳಿದ.

ಮದುಮಗಳು ತಲೆ ಎತ್ತಲಿಲ್ಲ. ಬೀಗತಿ ಎದ್ದು ಒಳಗೆ ಹೋದರು. ಅಡುಗೆ ಕಡೆ ಏನೋ ಕೆಲಸ ಇರಬೇಕು ಅಂದುಕೊಂಡೆ. ಸಂಜೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು "ನಾಲ್ಕು ಮಂದ್ಯಾಗ ನನ್ನ ಮರ್ಯಾದಿ ಕಳದಿ" ಅಂದಳು. ಅವತ್ತಿಂದ ಫೋನ್ ಎತ್ತುತ್ತಿಲ್ಲ.

ನಾನು ಕೊಟ್ಟದ್ದು ತಪ್ಪಾ? ಕೊಟ್ಟ ರೀತಿ ತಪ್ಪಾ? ರೂಢಿಯಲ್ಲಿ ಇಲ್ಲದ್ದನ್ನು ಕೊಡಲೇಬಾರದಾ?


ಬಳ್ಳಾರಿ ಬಿಸಿಲು
ಸೋಮವಾರ, ರಾತ್ರಿ 10:15

ಏನೂ ತಪ್ಪಿಲ್ಲ ಮಾಮ. ಶುಭಕಾರ್ಯದಲ್ಲಿ ಹೆಲ್ಮೆಟ್ ಅಪಶಕುನ ಅನ್ನುವವರು ಅದೇ ಮಂಟಪಕ್ಕೆ ಒಂದೇ ಬೈಕಿನಲ್ಲಿ ಮೂರು ಜನ ಬಂದಿರುತ್ತಾರೆ. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರಲ್ಲಿ. ಇನ್ನೂ ನಮ್ಮ ಜನಕ್ಕೆ ಅದು ನಗುವ ವಸ್ತು. ಹನ್ನೊಂದನೇ ಗೋಡೆ ಗಡಿಯಾರ ಕೊಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮೂಢನಂಬಿಕೆಗೆ ತಲೆ ಕೆಡಿಸಿಕೊಳ್ಳಬೇಡಿ, ಮಲಗಿ.


ಮುಯ್ಯಿ ಬರೆಯೋನು
ಸೋಮವಾರ, ರಾತ್ರಿ 11:08

ಮಾಮ, ಪುಸ್ತಕ ಹಿಡಿದವನ ಕಷ್ಟ ನಾನು ಹೇಳುತ್ತೇನೆ. ನಮ್ಮ ಬಳಗದಲ್ಲಿ ಇಪ್ಪತ್ತು ವರ್ಷದಿಂದ ಆ ಕೆಲಸ ನನ್ನದೇ. ಅಕ್ಷರ ದುಂಡಗಿದೆ ಅಂತ ಒಂದು ಸಲ ಕೂರಿಸಿದರು, ಮತ್ತೆ ಏಳಲು ಬಿಡಲೇ ಇಲ್ಲ. ಮದುವೆಯಲ್ಲಿ ಬಿಸಿ ಅನ್ನ ಉಂಡದ್ದು ನೆನಪಿಲ್ಲ.

ಮೊದಲ ಪುಟಕ್ಕೆ ಅರಿಶಿನ ಕುಂಕುಮ, ಮೇಲೆ ಶ್ರೀಕಾರ. ಆಮೇಲೆ ಹೆಸರು, ಊರು, ರೂಪಾಯಿ. ಸಾಮಾನು ಬಂದರೆ ರೂಪಾಯಿಯ ಜಾಗದಲ್ಲಿ "ಹಿತ್ತಾಳೆ ಕೊಡ", "ಮಿಕ್ಸಿ" ಅಂತ ಬರೆಯುತ್ತೇವೆ. ಮದುವೆ ಮುಗಿದ ಮೇಲೆ ಪುಸ್ತಕ ಟ್ರಂಕಿಗೆ ಹೋಗುತ್ತೆ. ಹತ್ತು ವರ್ಷ ಆದ ಮೇಲೆ ಆ ಮನೆಯಿಂದ ಲಗ್ನಪತ್ರಿಕೆ ಬಂತು ಅನ್ನಿ, ಟ್ರಂಕ್ ತೆಗೆಯುತ್ತಾರೆ. "ಅವರು ನಮಗೆ 501 ಹಾಕಿದ್ದರು. ಕಾಲ ಬದಲಾಗಿದೆ, ನಾವು 1001 ಹಾಕೋಣ." ಕೆಲವರು ಆಯೇರಿ ಅಂತಾರೆ, ನಾವು ಮುಯ್ಯಿ ಅಂತೇವೆ. ಮುಯ್ಯಿ ಅಂದರೇ ತಿರುಗಿಸಿ ಕೊಡುವುದು. ಜಗಳದಲ್ಲೂ ಅದೇ ಮಾತು ಅಲ್ವಾ, ಮುಯ್ಯಿಗೆ ಮುಯ್ಯಿ.

ಈಗ ನಿಮ್ಮ ಹೆಲ್ಮೆಟ್. ನಾಳೆ ನಿಮ್ಮ ಮಗಳ ಮದುವೆಗೆ ಅಕ್ಕ ಏನು ತರಬೇಕು? ಉಂಗುರಕ್ಕೆ ಉಂಗುರ ಸರಿ. ಹೆಲ್ಮೆಟ್‌ಗೆ?

ಒಂದು ನಡೆದ ಸಂಗತಿ ಹೇಳುತ್ತೇನೆ. ಕುಷ್ಟಗಿ ಕಡೆ ಒಂದು ಮದುವೆಯಲ್ಲಿ ಒಬ್ಬರು ಮೇಷ್ಟ್ರು ಹೊಸ ಜೋಡಿಗೆ ಒಂದು ವರ್ಷದ ದಿನಪತ್ರಿಕೆಗೆ ಚಂದಾ ಕಟ್ಟಿ ರಸೀದಿ ಕೊಟ್ಟರು. ನಾನು "ಪೇಪರ್, 1 ವರ್ಷ" ಅಂತ ಬರೆದೆ. ನಾಲ್ಕು ವರ್ಷ ಕಳೆದು ಮೇಷ್ಟ್ರ ಮಗನ ಮದುವೆ ಬಂತು. ಆ ಮನೆ ಯಜಮಾನರು ನನಗೆ ಫೋನ್ ಮಾಡಿ, "ಪೇಪರ್ ಅಂದ್ರ ಎಷ್ಟು ಹಿಡಿಯೋಣು? ರದ್ದಿಗೆ ಹಾಕಿದ ರೊಕ್ಕ ಕಳೀಬೇಕೇನು?" ಅಂತ ಕೇಳಿದರು. ಆಣೆ ಮಾಡಿ ಹೇಳುತ್ತೇನೆ, ಚೇಷ್ಟೆಗೆ ಕೇಳಿದ್ದಲ್ಲ. ಆ ಮನುಷ್ಯನಿಗೆ ನಿಜವಾಗಿ ಸಂಕಟ ಆಗಿತ್ತು. ಕಡಿಮೆ ಕೊಟ್ಟರೆ ಋಣ ಉಳಿಯುತ್ತೆ, ಜಾಸ್ತಿ ಕೊಟ್ಟರೆ ದೊಡ್ಡಸ್ತಿಕೆ.

ನಾನು ಹೇಳುವುದು ಇಷ್ಟೇ. ಪುಸ್ತಕದಲ್ಲಿ ಹಿಡಿಸುವುದನ್ನು ಮಂಟಪದಲ್ಲಿ ಕೊಡಿ. ಹಿಡಿಸದ್ದನ್ನು ಮನೆಗೆ ಹೋಗಿ ಕೊಡಿ, ಮೈಕ್ ಇಲ್ಲದ ಕಡೆ.


ಹಂಚಿನ ರೊಟ್ಟಿ
ಮಂಗಳವಾರ, ಬೆಳಿಗ್ಗೆ 6:40

ನಾನೂ ಸಿಂಧನೂರಿನವಳೇ, ಈಗ ರಾಯಚೂರಿನಲ್ಲಿ ಇದ್ದೇನೆ. ಮಾಮನ ಕಥೆ ಓದಿ ನನ್ನದು ನೆನಪಾಯಿತು.

ಗೆಳತಿಗೆ ಹೆರಿಗೆ ಆಗಿತ್ತು. ತವರಿನಲ್ಲಿ ನೋಡಿಕೊಳ್ಳುವವರಿಲ್ಲ, ಗಂಡನ ಮನೆಯಲ್ಲೇ ಬಾಣಂತನ. ಎಲ್ಲರೂ ಮಗುವಿಗೆ ಫ್ರಾಕು, ಬೆಳ್ಳಿ ಗೆಜ್ಜೆ ಕೊಟ್ಟರು. ಫ್ರಾಕು ಎರಡು ತಿಂಗಳಿಗೆ ಸಣ್ಣದಾಗುತ್ತೆ ಅಂತ ನಾನು ಬೇರೆ ಯೋಚನೆ ಮಾಡಿದೆ. ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಆಯಿ ಇದ್ದಾರೆ. ಅವರಿಗೆ ಒಂದು ತಿಂಗಳ ದುಡ್ಡು ಮುಂಚೆಯೇ ಕೊಟ್ಟು, ದಿನಾ ಗೆಳತಿ ಮನೆಗೆ ಇಪ್ಪತ್ತು ಜೋಳದ ರೊಟ್ಟಿ ಮುಟ್ಟಿಸಿ ಅಂದೆ. ನನ್ನ ಬುದ್ಧಿಗೆ ನಾನೇ ಶಭಾಷ್ ಅಂದುಕೊಂಡೆ.

ಮೂರನೇ ದಿನ ಆಯಿ ಬುಟ್ಟಿ ವಾಪಸ್ ತಂದರು. ಗೆಳತಿಯ ಅತ್ತೆ ಬಾಗಿಲಲ್ಲೇ ನಿಂತು, "ನಮ್ಮನ್ಯಾಗ ರೊಟ್ಟಿ ಬಡಿಯೋರು ಸತ್ತಾರೇನು?" ಅಂದರಂತೆ. ರಾತ್ರಿ ಗೆಳತಿ ಫೋನ್ ಮಾಡಿ ಪಿಸುಮಾತಿನಲ್ಲಿ, "ಎರಡು ದಿನ ಎಷ್ಟು ಹಗುರ ಆಗಿತ್ತು ಗೊತ್ತಾ. ಆದರೆ ಕಳಿಸು ಅನ್ನೋ ಹಾಗೂ ಇಲ್ಲ" ಅಂದಳು.

ಅವತ್ತು ನನಗೆ ಗೊತ್ತಾಗಿದ್ದು, ರೂಢಿಯ ಉಡುಗೊರೆ ಮೂಕ. ಸೀರೆ ಏನೂ ಮಾತಾಡುವುದಿಲ್ಲ. ಬೇರೆ ಥರದ್ದು ಕೊಟ್ಟರೆ ಅದು ಬಾಯಿ ಬಿಡುತ್ತೆ. ರೊಟ್ಟಿ ಹೋಗಿ "ಈ ಮನೆಯಲ್ಲಿ ಮಾಡುವವರಿಲ್ಲ" ಅಂದುಬಿಟ್ಟಿತು. ತೂಕದ ಮಷಿನ್ ಕೊಟ್ಟರೆ "ದಪ್ಪ ಆಗಿದ್ದೀರಿ" ಅನ್ನುತ್ತೆ. ನಿವೃತ್ತಿ ದಿನ ಊರುಗೋಲು ಕೊಟ್ಟ ಪುಣ್ಯಾತ್ಮರೂ ಇದ್ದಾರೆ, ನಾನೇ ನೋಡಿದ್ದೇನೆ, ಪಾಪ ಆ ಸರ್ ಮುಖ ನೋಡಬೇಕಿತ್ತು. ನಾವು ಏನು ಮನಸ್ಸಿನಲ್ಲಿ ಇಟ್ಟುಕೊಂಡು ಕೊಟ್ಟೆವು ಅನ್ನುವುದು ಬೇರೆ, ಅವರಿಗೆ ಏನು ಕೇಳಿಸಿತು ಅನ್ನುವುದು ಬೇರೆ.

ಹಾಗಂತ ಬಿಡಲಿಲ್ಲ. ಮರುವರ್ಷ ನಮ್ಮ ಚಿಕ್ಕಪ್ಪನ ಮಗಳ ಬಾಣಂತನ. ಈ ಸಲ ಮೊದಲು ಅವಳ ಅತ್ತೆ ಹತ್ತಿರ ಹೋದೆ. "ಅತ್ತಿ, ಮಗು ನೋಡಿಕೊಂಡು ನಿಮಗೂ ಸಾಕಾಗಿರುತ್ತೆ. ಈ ಆಯಿ ಕೈರೊಟ್ಟಿ ಚೆನ್ನಾಗಿರುತ್ತೆ, ಎಷ್ಟು ಬೇಕು ಅಂತ ನೀವೇ ಹೇಳಿ ತರಿಸಿಕೊಳ್ಳಿ, ದುಡ್ಡು ಕೊಟ್ಟಾಗಿದೆ" ಅಂದೆ. ತಿಂಗಳು ಪೂರ್ತಿ ತರಿಸಿಕೊಂಡರು. ಆಯಿಯ ರೊಟ್ಟಿ ತಮ್ಮ ರೊಟ್ಟಿಯಷ್ಟು ತೆಳ್ಳಗೆ ಇಲ್ಲ ಅಂತ ದಿನಾ ಹೇಳಿಕೊಂಡೇ ತಿಂದರು. ಅಷ್ಟು ಹಕ್ಕು ಅವರಿಗೆ ಬೇಡವಾ?


ಬಳ್ಳಾರಿ ಬಿಸಿಲು
ಮಂಗಳವಾರ, ಬೆಳಿಗ್ಗೆ 9:05

ಹಂಚಿನ ರೊಟ್ಟಿ ಅಕ್ಕ, "ಬಾಯಿ ಬಿಡುತ್ತೆ" ಅಂದದ್ದಕ್ಕೆ ನನ್ನದೂ ಒಂದು ಸೇರಿಸಿ. ಆಫೀಸಿನ ಸಹೋದ್ಯೋಗಿ ಮನೆ ಶಾಂತಿಗೆ ಸಂಡೂರಿನ ಲಂಬಾಣಿ ಕಸೂತಿ ಮಾಡಿದ ಗೋಡೆ ಪಟ ತಗೊಂಡು ಹೋದೆ. ಕನ್ನಡಿ, ಕವಡೆ, ಬಣ್ಣದ ನೂಲು, ನೋಡಲು ಬಹಳ ಚೆಂದ. ಅದಕ್ಕೆ ಜಿಐ ಮಾನ್ಯತೆ (ಆ ಊರಿನದೇ ವಿಶೇಷ ಕಸುಬು ಅನ್ನುವ ಸರ್ಕಾರದ ಗುರುತು) ಇದೆ, 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ 1,755 ಕಸೂತಿ ವಸ್ತು ಪ್ರದರ್ಶನ ಮಾಡಿ ಗಿನ್ನೆಸ್ ದಾಖಲೆ ಆಗಿದೆ ಅಂತೆಲ್ಲ ಭಾಷಣ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಳಗಿಂದ ತಾಯಿಯನ್ನು ಕರೆದರು. "ಅವ್ವಾ, ನೋಡು, ನೀನು ಹೊಲಿಯೋದನ್ನ ನನಗೆ ಪರಿಚಯ ಮಾಡ್ಸಾಕತ್ಯಾನ." ಅವರು ಲಂಬಾಣಿ ತಾಂಡಾದವರು ಅಂತ ನನಗೆ ಗೊತ್ತೇ ಇರಲಿಲ್ಲ. ಮೂರು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ!

ಅವರ ತಾಯಿ ಪಟ ತಿರುಗಿಸಿ ಹಿಂದಿನ ಹೊಲಿಗೆ ನೋಡಿ "ಪರವಾಗಿಲ್ಲ, ಕೈಕೆಲಸ" ಅಂದರು. ಅದೊಂದೇ ಸಮಾಧಾನ.


ಮೇ ತಿಂಗಳ ಸಸಿ
ಮಂಗಳವಾರ, ಬೆಳಿಗ್ಗೆ 11:30

ನನ್ನ ತಪ್ಪೊಪ್ಪಿಗೆ. ತಂಗಿ ಮದುವೆಯಲ್ಲಿ ಬಂದವರಿಗೆಲ್ಲ ತಾಂಬೂಲದ ಜೊತೆ ತೆಂಗಿನಕಾಯಿ ಬದಲು ಸಸಿ ಕೊಡೋಣ ಅಂತ ಹಟ ಮಾಡಿದವನು ನಾನೇ. ಬೇವು, ಹೊಂಗೆ, ನೆಲ್ಲಿ, ಇನ್ನೂರು ಸಸಿ. ಊರು ರಾಯಚೂರು, ತಿಂಗಳು ಮೇ. ಮಧ್ಯಾಹ್ನ ಎರಡಕ್ಕೆ ಮಂಟಪದ ಹೊರಗೆ ನಿಂತರೆ ಚಪ್ಪಲಿ ಟಾರಿಗೆ ಅಂಟುತ್ತಿತ್ತು. ದೇವದುರ್ಗದಿಂದ ಬಸ್ಸಿನಲ್ಲಿ ಬಂದ ಮುದುಕಿ ಒಂದು ಕೈಯಲ್ಲಿ ಮೊಮ್ಮಗು, ಇನ್ನೊಂದರಲ್ಲಿ ಚೀಲ ಹಿಡಿದಿದ್ದಳು. ಮೂರನೇ ಕೈ ಎಲ್ಲಿಂದ ತರಬೇಕು? ಸಂಜೆ ಹೋಗಿ ನೋಡಿದರೆ ಕಾಂಪೌಂಡ್ ಗೋಡೆ ಉದ್ದಕ್ಕೂ ಕಪ್ಪು ಪ್ಲಾಸ್ಟಿಕ್ ಚೀಲಗಳ ಸಾಲು. ಎಣಿಸಿದೆ, ಎಂಬತ್ತಮೂರು.

ಇನ್ನೂ ಕೆಟ್ಟದ್ದು ಅಂದರೆ, ತಗೊಂಡು ಹೋದವರಿಗೆ ಆರು ತಿಂಗಳು "ಗಿಡ ಹೆಂಗಿದೆ?" ಅಂತ ಕೇಳುತ್ತಿದ್ದೆ. ನನ್ನನ್ನು ಕಂಡರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದರು. ಈಗ ಗಿಡ ಕೊಡುವುದಿದ್ದರೆ ಮಿರುಗದ ಮಳೆ ಬಿದ್ದ ಮೇಲೆ, ಜಾಗ ಇರುವವರಿಗೆ, ನಾನೇ ಗುಂಡಿ ತೋಡಿ ನೆಟ್ಟು ಬರುತ್ತೇನೆ. ಆಮೇಲೆ ವಿಚಾರಿಸಲು ಹೋಗುವುದಿಲ್ಲ.


ಕರಿಕೋಟು
ಮಂಗಳವಾರ, ಮಧ್ಯಾಹ್ನ 2:20

ಮುಯ್ಯಿ ಬರೆಯೋನು ಅವರಿಗೆ ಒಂದು ಸಣ್ಣ ಮಾಹಿತಿ. ನಿಮ್ಮ ಪುಸ್ತಕಕ್ಕೆ ಕಾನೂನಿನಲ್ಲೂ ಒಬ್ಬ ಅಣ್ಣ ಇದ್ದಾನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ನಿಯಮ ಬಂತು. ಕೇಳದೆ ಕೊಟ್ಟ ಉಡುಗೊರೆಗಳನ್ನು ವಧು ಒಂದು ಪಟ್ಟಿ, ವರ ಒಂದು ಪಟ್ಟಿ ಮಾಡಿ ಇಡಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧಿಯಾದರೆ ಏನು ಸಂಬಂಧ, ಕೆಳಗೆ ಇಬ್ಬರ ಸಹಿ. ಕೋರ್ಟಿಗೆ ಬರುವ ಜಗಳಗಳಲ್ಲಿ ಈ ಪಟ್ಟಿ ಇದ್ದವರು ಬಹಳ ಕಡಿಮೆ. ಮುಯ್ಯಿ ಪುಸ್ತಕ ಇಟ್ಟವರು ಎಲ್ಲರೂ! ಮಾಮನ ಹೆಲ್ಮೆಟ್ ಅಲ್ಲಿ ಸುಲಭವಾಗಿ ಹಿಡಿಸುತ್ತೆ. "ಹೆಲ್ಮೆಟ್ 2, ಅಂದಾಜು ರೂ. 3,000, ಸೋದರಮಾವ."


ಮುಯ್ಯಿ ಬರೆಯೋನು
ಮಂಗಳವಾರ, ಮಧ್ಯಾಹ್ನ 2:41

ಸಂಬಂಧದ ಕಾಲಂ ನಮ್ಮಲ್ಲಿ ಇಲ್ಲ ಮೇಡಂ. ಅದನ್ನು ಬರೆದರೆ ಮೊತ್ತ ನೋಡಿ ಜಗಳ ಆಗುತ್ತೆ.


ಗೂಗಲ್ ಪೇ ಭಾವ
ಮಂಗಳವಾರ, ಮಧ್ಯಾಹ್ನ 3:10

ಎಲ್ಲದಕ್ಕೂ ಲೆಕ್ಕ, ಎಲ್ಲದಕ್ಕೂ ವಾಪಸ್. ಪ್ರೀತಿಯಿಂದ ಕೊಡುವುದು ಅಂತ ಏನೂ ಇಲ್ವಾ ನಿಮ್ಮ ಕಡೆ?


ಮುಯ್ಯಿ ಬರೆಯೋನು
ಮಂಗಳವಾರ, ಮಧ್ಯಾಹ್ನ 3:34

ಇದೆ ಭಾವ. ಕೊಪ್ಪಳದ ಗವಿಮಠದ ಜಾತ್ರೆಗೆ ಬನ್ನಿ. ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತೆ. ಒಂದು ಓಣಿಯ ಹೆಂಗಸರೆಲ್ಲ ಸೇರಿ ವಾರಗಟ್ಟಲೆ ಬಡಿದ ರೊಟ್ಟಿ. ದಾಸೋಹದ ಮನೆಯಲ್ಲಿ ಗೋಡೆ ಎತ್ತರ ರಾಶಿ ಹಾಕುತ್ತಾರೆ. ಅದರಲ್ಲಿ ನಿಮ್ಮ ಹೆಂಡತಿ ಬಡಿದದ್ದು ಯಾವುದು ಅಂತ ನಿಮ್ಮ ಹೆಂಡತಿಗೇ ಗೊತ್ತಾಗುವುದಿಲ್ಲ. ಬನ್ನಿ ಹಬ್ಬದಲ್ಲಿ ಎಲೆ ಕೊಟ್ಟು ಬಂಗಾರ ಅಂತೇವೆ, ಅದಕ್ಕೂ ಪುಸ್ತಕ ಇಲ್ಲ. ಲೆಕ್ಕ ಇರುವ ಜಾಗ ಬೇರೆ, ಇಲ್ಲದ ಜಾಗ ಬೇರೆ. ಮಾಮ ಲೆಕ್ಕ ಇಲ್ಲದ್ದನ್ನು ಲೆಕ್ಕದ ಜಾಗಕ್ಕೆ ತಂದರು.


ಗೊಂಬೆ ಮನೆ
ಮಂಗಳವಾರ, ಸಂಜೆ 6:15

ನಮ್ಮದು ಕಿನ್ನಾಳದ ಪಕ್ಕದ ಊರು. ಈಗೀಗ ಹೊರಗಿನವರು ಮದುವೆ, ಮನೆ ಶಾಂತಿಗೆ ಕಿನ್ನಾಳ ಗೊಂಬೆ ಕೊಡುತ್ತಾರೆ. ಸಂತೋಷವೇ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ತುಂಡು ಕೂಡಿಸಿ, ಸಂದು ಮೆತ್ತಿ, ಬಣ್ಣ ಹಾಕಿ, ಅಷ್ಟು ಕೆಲಸ ಇರುತ್ತೆ. ಆದರೆ ಒಂದು ಮಾತು. ದೇವರನ್ನು ಕೊಡುವ ಮುಂಚೆ ಕೇಳಿ. ನನ್ನ ತಮ್ಮನ ಮನೆ ಶಾಂತಿಗೆ ಎಂಟು ಗಣಪತಿ ಬಂದವು. ಒಂದು ಪಿಂಗಾಣಿ, ಎರಡು ಫೈಬರ್, ಉಳಿದವು ಏನೋ. ಗಡಿಯಾರ ಜಾಸ್ತಿ ಆದರೆ ಇನ್ನೊಬ್ಬರಿಗೆ ದಾಟಿಸಬಹುದು. ಗಣಪತಿಯನ್ನು ಅಟ್ಟದ ಮೇಲೆ ಇಡಲು ಮನಸ್ಸು ಬರುವುದಿಲ್ಲ, ಎಸೆಯಲಂತೂ ಆಗುವುದೇ ಇಲ್ಲ. ತಮ್ಮನ ಹೆಂಡತಿ ದಿನಾ ಎಂಟಕ್ಕೂ ಹೂ ಇಡುತ್ತಾಳೆ. ಹೂವಿನ ಖರ್ಚು ಕೊಟ್ಟವರು ಯಾರೂ ಇಲ್ಲ.

ಗಿಳಿ ಕೊಡಿ, ಆನೆ ಕೊಡಿ, ಹಣ್ಣಿನ ಬುಟ್ಟಿ ಕೊಡಿ. ಅವಕ್ಕೆ ಪೂಜೆ ಬೇಡ.


ಕೊಪ್ಪಳದ ಮಾಮ
ಬುಧವಾರ, ರಾತ್ರಿ 10:30

ಎಲ್ಲರ ಮಾತೂ ಓದಿದೆ. ನಕ್ಕೆ ಕೂಡ. ಆದರೆ ಇವತ್ತು ಮಧ್ಯಾಹ್ನ ಭಾವ ಫೋನ್ ಮಾಡಿದ್ದರು.

ಮದುಮಗಳಿಗೆ ಒಬ್ಬ ಅಣ್ಣ ಇದ್ದ. ಹೆಣ್ಣು ನೋಡಲು ಹೋದಾಗ "ಇಬ್ಬರು ಮಕ್ಕಳಿದ್ದರು, ದೊಡ್ಡವನು ಹೋದ" ಅಂತ ಬೀಗರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಹೇಗೆ ಹೋದ ಅಂತ ನಾನು ಕೇಳಲಿಲ್ಲ. ಕೇಳುವುದು ಮರ್ಯಾದೆ ಅಲ್ಲ ಅಂತ ಸುಮ್ನೆ ಇದ್ದೆ. ಐದು ವರ್ಷದ ಹಿಂದೆ ಮಾನ್ವಿ ಕಡೆಯಿಂದ ಬರುವಾಗ ರಾತ್ರಿ ಬೈಕಿನಿಂದ ಬಿದ್ದನಂತೆ. ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋಗಿದ್ದ, ಬಾಗಿಲ ಹಿಂದಿನ ಗೂಟಕ್ಕೆ ನೇತು ಹಾಕಿ. ಈಗಲೂ ಅಲ್ಲೇ ಇದೆಯಂತೆ. ಬೀಗತಿ ಯಾರಿಗೂ ಮುಟ್ಟಲು ಬಿಡುವುದಿಲ್ಲವಂತೆ.

ನಾನು ಮೈಕಿನಲ್ಲಿ ಕೂಗಿಸಿದ್ದು ಅದನ್ನು. ಮಂದಿ ನಕ್ಕದ್ದು ಅದಕ್ಕೆ.


ಬಳ್ಳಾರಿ ಬಿಸಿಲು
ಬುಧವಾರ, ರಾತ್ರಿ 10:44

ಮಾಮ, ಮೂಢನಂಬಿಕೆ ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ. ಏನು ಹೇಳಬೇಕು ಗೊತ್ತಾಗುತ್ತಿಲ್ಲ.


ಗೂಗಲ್ ಪೇ ಭಾವ
ಬುಧವಾರ, ರಾತ್ರಿ 10:58

ಅಕ್ಕನಾದರೂ ಮುಂಚೆ ಒಂದು ಮಾತು ಹೇಳಬಹುದಿತ್ತಲ್ವಾ?


ಹಂಚಿನ ರೊಟ್ಟಿ
ಬುಧವಾರ, ರಾತ್ರಿ 11:05

ಮಾಮ ಕೇಳಿದ್ದರೆ ಹೇಳುತ್ತಿದ್ದರು. ಡಬ್ಬಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತಾ? ಮದುಮಕ್ಕಳಿಗೆ ಆಶ್ಚರ್ಯ ಆಗಲಿ, ಸರಿ. ಆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.


ಎರಡನೇ ನೀರು
ಗುರುವಾರ, ಬೆಳಿಗ್ಗೆ 5:50

ಮೂರು ದಿನದಿಂದ ಓದುತ್ತಿದ್ದೇನೆ, ಬರೆದಿರಲಿಲ್ಲ. ನಾನು ರಾಯಚೂರಿನವಳು, ಮಾಮನಿಗಿಂತ ವಯಸ್ಸಿನಲ್ಲಿ ದೊಡ್ಡವಳು ಅಂದುಕೊಂಡಿದ್ದೇನೆ, ಅದಕ್ಕೆ ತಮ್ಮಾ ಅನ್ನುತ್ತೇನೆ.

ನಮ್ಮ ಯಜಮಾನರು ತೀರಿಹೋದಾಗ ಮನೆ ತುಂಬ ಜನ. ಬಂದವರೆಲ್ಲ ಅತ್ತರು, ನಾನು ಅವರಿಗೆ ಸಮಾಧಾನ ಹೇಳಿದೆ. ನಮ್ಮ ಓಣಿಗೆ ಆಗ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ಮನೆಯಲ್ಲಿ ಅಷ್ಟು ನೆಂಟರು, ನೀರಿನ ಕಡೆ ಯಾರಿಗೂ ಲಕ್ಷ್ಯ ಇಲ್ಲ. ಆದರೆ ಹದಿಮೂರು ದಿನವೂ ನಮ್ಮ ಡ್ರಮ್ಮು ತುಂಬಿತ್ತು. ನಾನು ತಮ್ಮನೇ ತುಂಬಿಸುತ್ತಿದ್ದಾನೆ ಅಂದುಕೊಂಡಿದ್ದೆ, ತಮ್ಮ ನಾನೇ ಅಂದುಕೊಂಡಿದ್ದ. ಎಷ್ಟೋ ದಿನ ಆದ ಮೇಲೆ ಗೊತ್ತಾಯಿತು, ಎದುರು ಮನೆಯ ಹುಡುಗಿ, ಹೊಸದಾಗಿ ಬಾಡಿಗೆಗೆ ಬಂದವಳು, ರಾತ್ರಿ ಎದ್ದು ಪೈಪ್ ಎಳೆದು ಮೊದಲು ಅವರ ಮನೆಗೆ, ಆಮೇಲೆ ನಮ್ಮ ಮನೆಗೆ ಬಿಡುತ್ತಿದ್ದಳು. ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಹಬ್ಬಕ್ಕೆ ಸೀರೆ ಕೊಡಲು ಹೋದರೆ "ಬ್ಯಾಡ ಬಿಡ್ರಿ, ಪೈಪ್ ಹೆಂಗೂ ಹೊರಗ ಇತ್ತು" ಅಂದಳು.

ನೀನು ಬೀಗರ ಮನೆಗೆ ಹೋಗು ತಮ್ಮಾ. ಫೋನ್ ಬೇಡ. ಕೈ ಬೀಸಿಕೊಂಡು ಹೋಗಬೇಡ, ಒಂದು ಡಜನ್ ಬಾಳೆಹಣ್ಣು, ಎರಡು ಮೊಳ ಹೂವು ಸಾಕು. ಮೊದಲನೇ ತಪ್ಪು ಮುಚ್ಚಲು ಎರಡನೇ ಉಡುಗೊರೆ ಒಯ್ಯಬೇಡ. ಗೊತ್ತಿರಲಿಲ್ಲ ಅಂತ ಒಂದು ಸಲ ಹೇಳು, ಎರಡು ಸಲ ಹೇಳಬೇಡ. ರಸ್ತೆ ಸರಿ ಇಲ್ಲ, ಸುರಕ್ಷತೆ ಮುಖ್ಯ, ಆ ಮಾತು ತೆಗೆಯಲೇಬೇಡ. ಆ ತಾಯಿಗೆ ಅದನ್ನು ನೀನು ಕಲಿಸಬೇಕಾಗಿಲ್ಲ. ಹೆಲ್ಮೆಟ್ ವಾಪಸ್ ತರುತ್ತೇನೆ ಅಂತಲೂ ಅನ್ನಬೇಡ. ಕೊಟ್ಟದ್ದು ಅವರದಾಯಿತು. ಇಟ್ಟುಕೊಳ್ಳುತ್ತಾರೋ, ತುಂಗಭದ್ರೆಗೆ ಹಾಕುತ್ತಾರೋ, ಅವರಿಗೆ ಬಿಟ್ಟದ್ದು.


ಗೊಂಬೆ ಮನೆ
ಗುರುವಾರ, ಬೆಳಿಗ್ಗೆ 8:12

ನಮ್ಮ ಅಜ್ಜಿ ಯಾರಿಗಾದರೂ ಈಳಿಗೆಮಣೆ ಕೊಡಬೇಕಾದರೆ ಒಂದು ರೂಪಾಯಿ ಇಸಿದುಕೊಂಡು ಕೊಡುತ್ತಿದ್ದಳು. ಚೂಪಾದದ್ದನ್ನು ಸುಮ್ನೆ ಕೊಟ್ಟರೆ ಸಂಬಂಧ ಕುಯ್ಯುತ್ತೆ, ರೂಪಾಯಿ ತಗೊಂಡರೆ ಮಾರಿದ ಹಾಗೆ, ದೋಷ ಇಲ್ಲ ಅಂತ. ಮನಸ್ಸಿಗೆ ಅನುಮಾನ ಇದ್ದರೆ ಹಾಗೆ ಮಾಡಬಹುದೇನೋ.


ನಿರ್ವಾಹಕ
ಗುರುವಾರ, ಬೆಳಿಗ್ಗೆ 9:00

ಯಾವ ಜಾತಿಯಲ್ಲಿ ಸೋದರಮಾವ ಎಷ್ಟು ತೊಲೆ ಕೊಡಬೇಕು ಅನ್ನುವ ನಾಲ್ಕು ಬರಹ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.


ಕೊಪ್ಪಳದ ಮಾಮ
ಭಾನುವಾರ, ರಾತ್ರಿ 9:20

ಹೋಗಿ ಬಂದೆ. ದೊಡ್ಡಕ್ಕ ಹೇಳಿದ ಹಾಗೆ ಬಾಳೆಹಣ್ಣು, ಮಲ್ಲಿಗೆ. ಭಾವನೂ ಬಂದಿದ್ದರು, ಅಕ್ಕ ಬರಲಿಲ್ಲ.

ಬೀಗರು ಹೊಲದ ಕಡೆ ಹೋಗಿದ್ದರು. ಬೀಗತಿಯೇ ಚಾಪೆ ಹಾಸಿದರು. ಕೂತ ಜಾಗಕ್ಕೆ ಎದುರಿಗೇ ಆ ಬಾಗಿಲು, ಆ ಗೂಟ. ಕಪ್ಪು ಹೆಲ್ಮೆಟ್, ಗಾಜಿನ ಮೇಲೆ ಹುಡುಗರು ಅಂಟಿಸುವ ಬೆಂಕಿ ಚಿತ್ರದ ಸ್ಟಿಕ್ಕರ್. ಧೂಳು ಇರಲಿಲ್ಲ. ದಿನಾ ಒರೆಸುತ್ತಾರೆ ಅನ್ನಿಸುತ್ತೆ. ನಾನು ನೋಡಿದ್ದನ್ನು ಅವರು ನೋಡಿದರು.

"ನನಗೆ ಗೊತ್ತಿರಲಿಲ್ಲ ಬೀಗತಿ" ಅಂದೆ. ಒಂದೇ ಸಲ. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಚಹಾ ತಂದರು. ಆಮೇಲೆ, "ನೀವು ತಂದಿದ್ದಕ್ಕ ನನಗೇನೂ ಸಿಟ್ಟಿಲ್ಲರೀ. ಆ ಮೈಕಿನಾಂವ ಕೂಗಿದ್ನಲ್ಲ, ಮಂದಿ ನಕ್ಕರಲ್ಲ, ಅದನ್ನ ತಡಕೊಳ್ಳಾಕ ಆಗಲಿಲ್ಲ" ಅಂದರು. ಒಂದು ರೂಪಾಯಿ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆಡಲಿಲ್ಲ.

ಎದ್ದು ಹೊರಡುವಾಗ ಅವರೇ ಹೇಳಿದರು. ಮಗಳು ಮೊದಲ ಸಲ ತವರಿಗೆ ಬಂದಾಗ ಅಳಿಯನ ಹಿಂದೆ ಹೆಲ್ಮೆಟ್ ಹಾಕಿಕೊಂಡೇ ಬಂದಳಂತೆ. ಬಾಗಿಲಲ್ಲಿ ತೆಗೆದು ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳಂತೆ. ಬೀಗತಿ ಗೋಡೆಗೆ ಇನ್ನೊಂದು ಗೂಟ ಹೊಡೆಸಿದ್ದಾರೆ, ಅಡುಗೆ ಮನೆ ಕಡೆ.

ಅಕ್ಕ ರಾತ್ರಿ ಫೋನ್ ಮಾಡಿದ್ದಳು. ಇನ್ನೂ ಪೂರ್ತಿ ಮಾತಿಲ್ಲ. "ಮುಯ್ಯಿ ಪುಸ್ತಕದಾಗ ನಿನ್ನ ಹೆಸರಿನ ಮುಂದ ಖಾಲಿ ಐತಿ, ಎಷ್ಟಂತ ಬರಸಲಿ?" ಅಂತ ಅಷ್ಟೇ ಕೇಳಿದಳು.


ಮುಯ್ಯಿ ಬರೆಯೋನು
ಭಾನುವಾರ, ರಾತ್ರಿ 9:31

ಉಂಗುರ ಬರೆಸಿ. ಅದರ ಕೆಳಗಿನ ಸಾಲು ಖಾಲಿ ಬಿಡಲು ಹೇಳಿ. ನನ್ನ ಪುಸ್ತಕಗಳಲ್ಲೂ ಅಂಥ ಎರಡು ಮೂರು ಸಾಲು ಇವೆ.


ಕೊಪ್ಪಳದ ಮಾಮ
ಭಾನುವಾರ, ರಾತ್ರಿ 9:40

ಆಗಲಿ. ಇನ್ನೊಂದು ವಿಷಯ, ಸೊಸೆಗೆ ಹೆಲ್ಮೆಟ್ ದೊಡ್ಡದಾಗಿದೆಯಂತೆ, ತಲೆ ತಿರುಗಿಸಿದರೆ ಅದು ತಿರುಗುವುದಿಲ್ಲ ಅಂದಳಂತೆ. ಬಿಲ್ ನನ್ನ ಹತ್ತಿರ ಇದೆ. ಹಾಕಿಕೊಂಡಿದ್ದನ್ನು ಅಂಗಡಿಯವನು ಬದಲಾಯಿಸಿ ಕೊಡುತ್ತಾನಾ?


ಬಳ್ಳಾರಿ ಬಿಸಿಲು
ಭಾನುವಾರ, ರಾತ್ರಿ 9:43

ಯಾವ ಅಳತೆ ತಂದಿದ್ದಿರಿ ಮಾಮ?


ಕೊಪ್ಪಳದ ಮಾಮ
ಭಾನುವಾರ, ರಾತ್ರಿ 9:45

ಎರಡೂ 60. ಅಳಿಯನ ತಲೆ ಅಂದಾಜಿನ ಮೇಲೆ.


ಹಂಚಿನ ರೊಟ್ಟಿ
ಭಾನುವಾರ, ರಾತ್ರಿ 9:47

ಅಯ್ಯೋ ಮಾಮ. ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ. ಹುಬ್ಬಿನ ಮೇಲಿಂದ ಸುತ್ತ ಟೇಪ್ ಹಿಡಿಸಿ ಅಳತೆ ತೆಗೆಸಿ, ಜಡೆ ದಿನಾ ಹಾಕುವ ಹಾಗೆ ಹಾಕಿಕೊಂಡು ಬರಲು ಹೇಳಿ. ಬಣ್ಣನೂ ಅವಳೇ ಆರಿಸಲಿ.